ಸ್ಕ್ವಾಷ್ ಆಟವೂ ಏಷ್ಯ ಖಂಡದ ಆಡಳಿತ ಮಂಡಲಿಯೂ

ಹೆಣ್ಣುಮಕ್ಕಳಿಗೆ ಓದುಬರಹದೊಡನೆ ಅಂಗಸಾಧನೆಯೂ ಅವಶ್ಯವೆಂಬುದನ್ನು ಈಗ ಬಹುಮಂದಿ ತಾಯಿತಂದೆಗಳು ಒಪ್ಪುವರು. ಸಾಯಂಕಾಲ ಮಗಳು ಮೈದಾನಕ್ಕೆ ಹೋಗಿ ಒಂದು ಗಂಟೆ ಆಡಿ ಬಂದರೆ ಯಾರದೂ ಆಕ್ಷೇಪಣೆಯಿಲ್ಲ. ಆದರೆ ಅದೇ ಮಗಳು ಆಟದಲ್ಲಿ ಮುಂದುವರಿದು, ಪರಸ್ಥಳಕ್ಕೂ ಪರದೇಶಕ್ಕೂ ಪಂದ್ಯಕ್ಕೆ ಹೋಗಬೇಕಾದ ಪ್ರಸಂಗ ಬಂದಾಗ ಮನೆಯಲ್ಲಿ ಪ್ರಶ್ನೆಗಳು ಏಳುವುವು. ಕರೆದವರು ಯಾರು? ಪಂದ್ಯ ನಡೆಯಿಸುವವರು ಯಾರು? ಅಲ್ಲಿ ಅನ್ಯಾಯವಾದರೆ ಕೇಳುವವರು ಯಾರು? ಇವು ನ್ಯಾಯವಾದ ಪ್ರಶ್ನೆಗಳು. ಉತ್ತರವು ಆಟದ ಅಂಗಣದಲ್ಲಿ ಕಾಣಿಸದು. ಆಟದ ಹಿಂದೆ ನಿಂತು ಕೆಲಸ ಮಾಡುವ ಆಡಳಿತ ಮಂಡಲಿಗಳಲ್ಲಿ ಅದನ್ನು ಹುಡುಕಬೇಕು. ಅಂತಹ ಮಂಡಲಿಗಳಲ್ಲಿ ಒಂದಾದ ಏಷ್ಯದ ಸ್ಕ್ವಾಷ್ ಫೆಡರೇಷನ್ನಿನ ಕೆಲಸವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಆಟದ ವಿಷಯವಾಗಿ ಎರಡು ಮಾತು. ಸ್ಕ್ವಾಷ್ ನಾಲ್ಕು ಗೋಡೆಗಳ ಒಳಗೆ ಆಡುವ ಆಟ. ಅಂಗಣದ ಉದ್ದ 9.75 ಮೀಟರು, ಅಗಲ 6.4 ಮೀಟರು. ಟೆನ್ನಿಸಿನಲ್ಲಿ ಆಟಗಾರರು ಬಲೆಯ ಆಚೆ ಈಚೆ ನಿಲ್ಲುವಂತೆ ಇಲ್ಲಿ ನಿಲ್ಲುವುದಿಲ್ಲ. ಇಬ್ಬರೂ ಒಂದೇ ಕಡೆಯಲ್ಲಿದ್ದು ಎದುರಿನ ಗೋಡೆಗೆ ಚೆಂಡನ್ನು ಸರದಿಯಾಗಿ ಹೊಡೆಯುವರು. ಚೆಂಡು ರಬ್ಬರಿನದು, ಟೊಳ್ಳಾದದ್ದು, ತೂಕವು ಸುಮಾರು 24 ಗ್ರಾಮು. 1830ರ ಸುಮಾರಿಗೆ ಇಂಗ್ಲೆಂಡಿನ ಹ್ಯಾರೋ ಶಾಲೆಯ ಹುಡುಗರು ತೂತು ಬಿದ್ದ ಚೆಂಡು ಗೋಡೆಗೆ ತಗುಲಿದೊಡನೆ ಅಮುಕಿಕೊಳ್ಳುವುದನ್ನು ಕಂಡು, ಅದರಿಂದ ಹೊಸದೊಂದು ಆಟವನ್ನೇ ಮಾಡಿಕೊಂಡರೆಂದು ಹೇಳುವರು. ಆಟವು ಶಾಲೆಯಲ್ಲಿ ಹುಟ್ಟಿದರೂ ನಮ್ಮ ದೇಶಕ್ಕೆ ಬಂದದ್ದು ದಂಡಿನ ಅಧಿಕಾರಿಗಳ ಕೈಯಿಂದ. ಆದಕಾರಣ ಬಹುಕಾಲದವರೆಗೆ ಅದು ಕಂಟೋನ್ಮೆಂಟುಗಳಲ್ಲಿಯೂ ದೊಡ್ಡವರ ಕ್ಲಬ್ಬುಗಳಲ್ಲಿಯೂ ಮಾತ್ರ ಉಳಿದುಕೊಂಡಿತು. ಗೋಡೆಯೊಳಗಿನ ಆಟಕ್ಕೆ ಸಮಾಜದ ಗೋಡೆಯೂ ಸೇರಿಕೊಂಡಂತಾಯಿತು.

ಇಂತಹ ಆಟವು ಹೊರಗೆ ಬಂದು ಸಾಮಾನ್ಯ ಮನೆಗಳ ಮಕ್ಕಳಿಗೆ ದಕ್ಕಬೇಕಾದರೆ ಕ್ರಮವಾದ ಏರ್ಪಾಡು ಬೇಕು. ಆ ಏರ್ಪಾಡನ್ನು ನಮ್ಮ ಶಾಲೆಯ ಹೋಲಿಕೆಯಿಂದ ಸುಲಭವಾಗಿ ತಿಳಿಯಬಹುದು. ತರಗತಿಗೆ ಉಪಾಧ್ಯಾಯಿನಿ, ಶಾಲೆಗೆ ಮುಖ್ಯೋಪಾಧ್ಯಾಯಿನಿ, ಅನೇಕ ಶಾಲೆಗಳಿಗೆ ಒಬ್ಬ ಇನ್‌ಸ್ಪೆಕ್ಟರು, ಎಲ್ಲಕ್ಕೂ ಮೇಲೆ ವಿದ್ಯಾ ಇಲಾಖೆ ಇರುವಂತೆ, ಸ್ಕ್ವಾಷಿನಲ್ಲಿಯೂ ಊರ ಕ್ಲಬ್ಬು, ರಾಜ್ಯದ ಸಂಘ, ದೇಶದ ಫೆಡರೇಷನ್, ಖಂಡದ ಫೆಡರೇಷನ್, ಕಡೆಗೆ ಇಡೀ ಜಗತ್ತಿನ ಫೆಡರೇಷನ್ ಎಂದು ಮೆಟ್ಟಲುಗಳುಂಟು. ಜಗತ್ತಿನ ಫೆಡರೇಷನ್ 1967ನೆಯ ಇಸವಿಯಲ್ಲಿ ಸ್ಥಾಪಿತವಾಗಿ 1992ರಲ್ಲಿ ವರ್ಲ್ಡ್ ಸ್ಕ್ವಾಷ್ ಫೆಡರೇಷನ್ ಎಂಬ ಹೆಸರನ್ನು ಪಡೆಯಿತು. ಅದರ ಕೆಳಗೆ ಏಷ್ಯ, ಯೂರೋಪು, ಆಫ್ರಿಕ, ಅಮೇರಿಕ, ಓಷಿಯಾನಿಯ ಎಂಬ ಐದು ಪ್ರಾಂತಗಳಿಗೆ ಐದು ಮಂಡಲಿಗಳಿವೆ. ಶಾಲೆಗಳ ಇನ್‌ಸ್ಪೆಕ್ಟರಂತೆ ಇವುಗಳ ಸ್ಥಾನವು ನಡುವಿನದು. ಮೇಲಿನ ನಿಯಮವನ್ನು ಕೆಳಕ್ಕೆ ತಲುಪಿಸುವುದೂ, ಕೆಳಗಿನ ಕಷ್ಟವನ್ನು ಮೇಲಕ್ಕೆ ತಿಳಿಸುವುದೂ ಇವುಗಳ ಕರ್ತವ್ಯ.

ಏಷ್ಯದ ಮಂಡಲಿಯು 1980ರಲ್ಲಿ ಏರ್ಪಟ್ಟಿತು. ಮರುವರ್ಷವೇ ಕರಾಚಿಯಲ್ಲಿ ಪುರುಷರ ತಂಡಗಳ ಏಷ್ಯ ಚಾಂಪಿಯನ್‌ಷಿಪ್ ನಡೆಯಿತು. ಜಗತ್ತಿಗೊಂದು ಸಂಘವಿರುವಾಗ ಖಂಡಕ್ಕೆ ಬೇರೊಂದೇಕೆಂದು ಕೇಳಬಹುದು. ಕಾರಣವು ಸರಳವಾದದ್ದು. ಆ ಕಾಲದಲ್ಲಿ ಈ ಆಟದ ಮುಖ್ಯ ಪಂದ್ಯಗಳು ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದುವು. ಹಡಗಿನ ಅಥವಾ ವಿಮಾನದ ಖರ್ಚು, ಅಲ್ಲಿ ಉಳಿಯುವ ಖರ್ಚು, ಚಳಿಗೆ ಬೇಕಾದ ಉಡುಪಿನ ಖರ್ಚು, ಇವುಗಳನ್ನೆಲ್ಲ ಭರಿಸಬಲ್ಲವರು ಎಷ್ಟು ಮಂದಿ? ಮಗನಿಗಾಗಿ ಸಾಲ ಮಾಡಿದರೂ ಮಗಳಿಗಾಗಿ ಮಾಡುವ ಮನೆಗಳು ಇನ್ನೂ ವಿರಳವಾಗಿದ್ದುವು. ಪಂದ್ಯವೇ ಸಮೀಪಕ್ಕೆ ಬಂದರೆ, ಮಲೇಷಿಯದ ಹುಡುಗಿಯೂ ಹಾಂಗ್‌ಕಾಂಗಿನ ಹುಡುಗಿಯೂ ಭಾರತದ ಹುಡುಗಿಯೂ ಒಬ್ಬರನ್ನೊಬ್ಬರು ಎದುರಿಸಿ ತಮ್ಮ ಶಕ್ತಿಯನ್ನು ಅಳೆದುಕೊಳ್ಳಬಹುದು. ಖಂಡದ ಮಂಡಲಿಯ ಮೊದಲನೆಯ ಉಪಕಾರವು ಇದೇ.

ವೇದಿಕೆಯಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ನಿದರ್ಶನವುಂಟು. ಅಲ್ವರ್ ರಾಜಮನೆತನದ ಭುವನೇಶ್ವರಿ ಕುಮಾರಿಯವರು 1977ರಿಂದ 1992ರ ವರೆಗೆ, ಒಂದು ವರ್ಷವೂ ತಪ್ಪದೆ, 16 ಸಲ ಭಾರತದ ಸ್ತ್ರೀಯರ ಚಾಂಪಿಯನ್ ಆದರು. ಇಂತಹ ಸಾಧನೆ ಯಾವ ಆಟದಲ್ಲಿಯೂ ಅಪರೂಪ. ಆದರೂ ಆ 16 ವರ್ಷಗಳಲ್ಲಿ ನಡೆದ ಏಷ್ಯದ ಕ್ರೀಡಾಕೂಟಗಳಲ್ಲಿ ಒಂದರಲ್ಲಿಯೂ ಸ್ಕ್ವಾಷ್ ಇರಲಿಲ್ಲ. ಆ ಕೂಟದ ಪದಕವು ಅವರ ಕೈಗೆ ಎಟುಕಲಿಲ್ಲವೆಂದರೆ, ಅದು ಅವರ ಕೈಯ ದೋಷವಲ್ಲ. ಅದನ್ನು ಗೆಲ್ಲುವ ಅವಕಾಶವೇ ಇರಲಿಲ್ಲ.

1998ರಲ್ಲಿ ಬ್ಯಾಂಕಾಕಿನ ಕೂಟದಲ್ಲಿ ಸ್ಕ್ವಾಷಿಗೆ ಮೊದಲ ಬಾರಿ ಸ್ಥಾನ ದೊರೆಯಿತು. ಪುರುಷರಿಗೂ ಸ್ತ್ರೀಯರಿಗೂ ಏಕಕಾಲದಲ್ಲಿಯೇ ಸ್ಪರ್ಧೆಗಳನ್ನು ಇಟ್ಟರು. ಸ್ತ್ರೀಯರಲ್ಲಿ ಚಿನ್ನದ ಪದಕವನ್ನು ಗೆದ್ದವಳು ಮಲೇಷಿಯದ ಪಿನಾಂಗಿನ ನಿಕೋಲ್ ಡೇವಿಡ್ ಎಂಬ 15 ವರ್ಷದ ಬಾಲೆ! ಮುಂದೆ ಆಕೆ ಎಂಟು ಸಲ ಜಗತ್ತಿನ ಚಾಂಪಿಯನ್ ಆಗಿ, 2006ರಿಂದ 2015ರ ವರೆಗೆ ಎಡೆಬಿಡದೆ ಒಂಬತ್ತು ವರ್ಷಗಳ ಕಾಲ ಜಗತ್ತಿನ ಆಟಗಾರ್ತಿಯರಲ್ಲಿ ಮೊದಲನೆಯ ಸ್ಥಾನದಲ್ಲಿದ್ದಳು. 2010ರಲ್ಲಿ ಗ್ವಾಂಗ್‌ಜೌ ಕೂಟದಲ್ಲಿ ತಂಡಗಳ ಸ್ಪರ್ಧೆಯೂ ಸೇರಿತು. ಅಂದಿನಿಂದ ನಾಲ್ಕು ಕೂಟಗಳಲ್ಲಿ ಭಾರತದ ಸ್ತ್ರೀಯರ ತಂಡವು ಒಮ್ಮೆಯೂ ಪದಕವಿಲ್ಲದೆ ಹಿಂದಿರುಗಲಿಲ್ಲ: 2010ರಲ್ಲಿ ಕಂಚು, 2014ರಲ್ಲಿಯೂ 2018ರಲ್ಲಿಯೂ ಬೆಳ್ಳಿ, 2023ರಲ್ಲಿ ಹಾಂಗ್‌ಜೌ ನಗರದಲ್ಲಿ ಪುನಃ ಕಂಚು. ಪ್ರತಿಭೆ ಹಿಂದೆಯೂ ಇತ್ತು. ಅದನ್ನು ತೋರಿಸುವ ಸ್ಥಳ ಮಾತ್ರ ಹೊಸದು.

ಈ ತಂಡಗಳಲ್ಲಿ ಆಡಿದ ಜೋಷ್ನಾ ಚಿಣ್ಣಪ್ಪ ಎಂಬವರ ಹೆಸರು ನಮ್ಮವರಿಗೆ ವಿಶೇಷವಾಗಿ ಪ್ರಿಯವಾದದ್ದು. ಚೆನ್ನೈಯಲ್ಲಿ ಬೆಳೆದರೂ ಅವರು ಕೊಡಗಿನ ಮನೆತನದವರು. ತಂದೆಯೂ ಸ್ಕ್ವಾಷ್ ಆಟಗಾರರೇ. 2017ರಲ್ಲಿ ಚೆನ್ನೈಯಲ್ಲಿ ಏಷ್ಯದ ಫೆಡರೇಷನ್ನಿನ ಚಾಂಪಿಯನ್‌ಷಿಪ್ ನಡೆದಾಗ ಕಡೆಯ ಪಂದ್ಯದಲ್ಲಿ ಎದುರುಬದುರಾಗಿ ನಿಂತವರು ಇಬ್ಬರೂ ಭಾರತದವರು, ಜೋಷ್ನಾ ಮತ್ತು ದೀಪಿಕಾ ಪಳ್ಳಿಕಲ್. ಜೋಷ್ನಾ ಗೆದ್ದು, ಆ ಬಿರುದನ್ನು ಪಡೆದ ಮೊದಲನೆಯ ಭಾರತೀಯಳೆನಿಸಿದರು. 2019ರಲ್ಲಿ ಕೌಲಾಲಂಪುರದಲ್ಲಿ ಅದನ್ನು ಉಳಿಸಿಕೊಂಡರು.

ಪಂದ್ಯಗಳನ್ನು ನಡೆಯಿಸುವುದು ಹೊರಗೆ ಕಾಣುವ ಕೆಲಸ. ಕಾಣದಿರುವ ಕೆಲಸಗಳು ಇನ್ನೂ ಕೆಲವುಂಟು. ತಾಯಿತಂದೆಗಳು ತಿಳಿಯಬೇಕಾದವು ಇವೇ.

ಒಂದನೆಯದು, ವಯಸ್ಸಿಗೆ ತಕ್ಕ ಮೆಟ್ಟಲುಗಳನ್ನು ಕಟ್ಟುವುದು. ಏಷ್ಯದ ಕಿರಿಯರ ಪಂದ್ಯಗಳಲ್ಲಿ 13, 15, 17, 19 ವರ್ಷಗಳ ಒಳಗಿನವರೆಂದು ಬೇರೆಬೇರೆ ವರ್ಗಗಳಿದ್ದು, ಹುಡುಗರಿಗೂ ಹುಡುಗಿಯರಿಗೂ ಸಮಾನವಾಗಿ ನಡೆಯುತ್ತವೆ. 12 ವರ್ಷದ ಮಗುವು 18 ವರ್ಷದವಳ ಎದುರು ನಿಂತು ಧೈರ್ಯಗೆಡುವ ಪ್ರಮೇಯವಿಲ್ಲ. ವಯಸ್ಸಿನ ದಾಖಲೆ ಇಲ್ಲಿ ಮುಖ್ಯ. ಒಬ್ಬಳ ವಯಸ್ಸನ್ನು ಸುಳ್ಳಾಗಿ ಬರೆಯಿಸಿದರೆ ಇನ್ನೊಬ್ಬಳ ಸ್ಥಾನವನ್ನು ಕದ್ದಂತೆಯೇ. ದೆಹಲಿಯ ಅನಾಹತ್ ಸಿಂಗ್ ಈ ಮೆಟ್ಟಲುಗಳನ್ನು ಏರಿದ ರೀತಿಯನ್ನು ನೋಡಿರಿ: 2022ರಲ್ಲಿ 15 ವರ್ಷದೊಳಗಿನವರಲ್ಲಿ ಏಷ್ಯದ ಚಾಂಪಿಯನ್, 2023ರಲ್ಲಿ 17 ವರ್ಷದೊಳಗಿನವರಲ್ಲಿ ಚಾಂಪಿಯನ್, ಅದೇ ವರ್ಷ ಹಾಂಗ್‌ಜೌ ಕೂಟದಲ್ಲಿ ಹಿರಿಯರ ಸಾಲಿನಲ್ಲಿ ಎರಡು ಕಂಚಿನ ಪದಕಗಳು. ಆಗ ಆಕೆಗೂ 15 ವರ್ಷ.

ಎರಡನೆಯದು, ತೀರ್ಪುಗಾರರನ್ನೂ ಶಿಕ್ಷಕರನ್ನೂ ತಯಾರುಮಾಡುವುದು. ಸ್ಕ್ವಾಷಿನಲ್ಲಿ ಇಬ್ಬರೂ ಒಂದೇ ಅಂಗಣದಲ್ಲಿ ಓಡಾಡುವುದರಿಂದ ಒಬ್ಬರ ದಾರಿಗೆ ಮತ್ತೊಬ್ಬರು ಅಡ್ಡ ಬರುವುದು ಸಹಜ. ಅಡ್ಡ ಬಂದದ್ದು ಅನಿವಾರ್ಯವೋ, ಬೇಕೆಂದೋ? ಪಾಯಿಂಟು ಕೊಡಬೇಕೋ, ಪುನಃ ಆಡಿಸಬೇಕೋ? ಕ್ಷಣಮಾತ್ರದಲ್ಲಿ ತೀರ್ಮಾನಿಸಬೇಕಾದ ಈ ಪ್ರಶ್ನೆಗೆ ನುರಿತ ಕಣ್ಣೂ ಪಕ್ಷಪಾತವಿಲ್ಲದ ಮನಸ್ಸೂ ಬೇಕು. ಒಂದು ದೇಶದಲ್ಲಿ ಕಲಿತ ತೀರ್ಪುಗಾರರು ಇನ್ನೊಂದು ದೇಶದಲ್ಲಿಯೂ ಒಂದೇ ರೀತಿಯಾಗಿ ತೀರ್ಪು ಕೊಡುವಂತೆ ಶಿಕ್ಷಣವನ್ನೂ ಪರೀಕ್ಷೆಯನ್ನೂ ಏರ್ಪಡಿಸುವುದು ಖಂಡದ ಮಂಡಲಿಗೆ ಸೇರಿದ ಭಾರ.

ಮೂರನೆಯದು, ನಿಯಮಗಳನ್ನು ಎಲ್ಲೆಡೆ ಒಂದೇ ಆಗಿ ಇಡುವುದು. ಹಿಂದೆ ಚೆಂಡನ್ನು ಮೊದಲು ಹೊಡೆದವರಿಗೆ ಮಾತ್ರ ಪಾಯಿಂಟು ಸಿಗುವಂತೆ 9ರ ಎಣಿಕೆಯಿತ್ತು. ಈಗ ಯಾರು ಗೆದ್ದರೂ ಪಾಯಿಂಟು ಸಿಗುವಂತೆ 11ರ ಎಣಿಕೆಯಾಗಿದೆ. ಇಂತಹ ಬದಲಾವಣೆ ಒಂದೂರಿಗೆ ತಲುಪಿ ಮತ್ತೊಂದೂರಿಗೆ ತಲುಪದಿದ್ದರೆ, ತಲುಪದ ಊರಿನ ಮಕ್ಕಳು ಆಡುವ ಮೊದಲೇ ಸೋತಂತೆ. ಕಿರಿಯರು ಪಂದ್ಯಗಳಲ್ಲಿ ಕಣ್ಣಿಗೆ ರಕ್ಷಣೆಯ ಕನ್ನಡಕವನ್ನು ಧರಿಸಲೇಬೇಕೆಂಬ ನಿಯಮವೂ ಹೀಗೆಯೇ ಎಲ್ಲ ಕಡೆಗೂ ಹಬ್ಬಬೇಕಾದದ್ದು. ಸ್ಕ್ವಾಷಿನ ಚೆಂಡು ಕಣ್ಣಿನ ಗುಳಿಯೊಳಗೆ ಹಿಡಿಯುವಷ್ಟು ಚಿಕ್ಕದು. ಆದಕಾರಣ ಈ ನಿಯಮವನ್ನು ಅಲಂಕಾರವೆಂದೆಣಿಸಬಾರದು.

ನಾಲ್ಕನೆಯದು, ತಮ್ಮ ಪ್ರಾಂತದ ಪರವಾಗಿ ಮಾತನಾಡುವುದು. ಹಿಂದಿನ ಒಲಿಂಪಿಕ್ ನಿಯಮಾವಳಿಯಲ್ಲಿ, ಒಂದು ಆಟವು ಬೇಸಗೆಯ ಕೂಟಕ್ಕೆ ಸೇರಬೇಕಾದರೆ ಪುರುಷರು ಅದನ್ನು ನಾಲ್ಕು ಖಂಡಗಳ 75 ದೇಶಗಳಲ್ಲಾದರೂ, ಸ್ತ್ರೀಯರು ಮೂರು ಖಂಡಗಳ 40 ದೇಶಗಳಲ್ಲಾದರೂ ಆಡುತ್ತಿರಬೇಕೆಂದಿತ್ತು. ಇಂತಹ ವಿಸ್ತಾರವು ಖಂಡದ ಮಂಡಲಿಗಳ ದುಡಿಮೆಯಿಲ್ಲದೆ ಬಾರದು. ಸ್ಕ್ವಾಷ್ 2012, 2016, 2020ರ ಕೂಟಗಳಿಗಾಗಿ ಪ್ರಯತ್ನಿಸಿ ಮೂರು ಸಲವೂ ನಿರಾಶೆಗೊಂಡಿತು. ಕಡೆಗೆ 2023ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಕೂಡಿದ ಒಲಿಂಪಿಕ್ ಸಮಿತಿಯು 2028ರ ಲಾಸ್ ಏಂಜಲಿಸ್ ಕೂಟಕ್ಕೆ ಈ ಆಟವನ್ನು ಸೇರಿಸಿಕೊಂಡಿತು.

ಇಷ್ಟೆಲ್ಲವನ್ನೂ ಹೇಳಿದ ಮೇಲೆ ಈ ಮಂಡಲಿಯಿಂದ ಆಗದಿರುವುದನ್ನೂ ಹೇಳುವುದು ನ್ಯಾಯ. ಅದು ನಮ್ಮೂರಿನಲ್ಲಿ ಅಂಗಣವನ್ನು ಕಟ್ಟಿಕೊಡದು. ಅದು ಊರವರ, ಸರಕಾರದ, ಶಾಲೆಗಳ ಕೆಲಸ. ನಮ್ಮ ದೇಶದ ತಂಡವನ್ನೂ ಅದು ಆರಿಸದು. ಅದು ದೇಶದ ಫೆಡರೇಷನ್ನಿನ ಕೆಲಸ. ಕೆಳಗಿನ ಮೆಟ್ಟಲು ಮುರಿದಿದ್ದರೆ ಮೇಲಿನ ಮೆಟ್ಟಲಿನಿಂದ ಯಾರಿಗೂ ಪ್ರಯೋಜನವಿಲ್ಲ. ಅಲ್ಲದೆ, ಮಂಡಲಿಯೆಂದರೆ ಮನುಷ್ಯರು ಕೂಡಿದ ಸಭೆ. ಆಟಗಾರರಿಗಾಗಿ ಪದವಿಯೆಂಬುದನ್ನು ಮರೆತು ಪದವಿಗಾಗಿ ಆಟವೆಂದೆಣಿಸುವವರು ಎಲ್ಲ ಆಟಗಳಲ್ಲಿಯೂ ಉಂಟು. ಆದಕಾರಣ ಪೋಷಕರು ಕೆಲವು ಮಾತುಗಳನ್ನು ನಿಸ್ಸಂಕೋಚವಾಗಿ ಕೇಳಬೇಕು. ಆಯ್ಕೆಯ ನಿಯಮವನ್ನು ಮುಂಚಿತವಾಗಿ ಬರೆದು ಪ್ರಕಟಿಸಿರುವರೋ? ಹುಡುಗಿಯರೊಡನೆ ಪರಸ್ಥಳಕ್ಕೆ ಹೋಗುವ ಜವಾಬ್ದಾರಿಯುಳ್ಳ ಸ್ತ್ರೀ ಯಾರು? ದೂರು ಕೊಡಬೇಕಾದರೆ ಯಾರಿಗೆ ಕೊಡಬೇಕು? ಲೆಕ್ಕಪತ್ರವನ್ನು ತೋರಿಸುವರೋ? ಒಳ್ಳೆಯ ಮಂಡಲಿಯು ಈ ಪ್ರಶ್ನೆಗಳಿಗೆ ಮುನಿಯದು.

ಕಡೆಯದಾಗಿ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ಸ್ತ್ರೀಯರ ಬ್ರಿಟಿಷ್ ಚಾಂಪಿಯನ್‌ಷಿಪ್ 1922ರಲ್ಲಿ, ಪುರುಷರ ಬ್ರಿಟಿಷ್ ಓಪನ್ನಿಗಿಂತ ಎಂಟು ವರ್ಷ ಮೊದಲೇ, ಆರಂಭವಾಗಿತ್ತು. ಆದರೂ ಆಡಳಿತದ ಸಭೆಗಳಲ್ಲಿ ಸ್ತ್ರೀಯರಿಗೆ ಸಮಾನ ಪೀಠ ದೊರೆಯಲು ಬಹುಕಾಲ ಹಿಡಿಯಿತು. ಸ್ತ್ರೀಯರು ತಮ್ಮದೇ ಆದ ಅಂತರರಾಷ್ಟ್ರೀಯ ಸಂಘವನ್ನು ಕಟ್ಟಿಕೊಳ್ಳಬೇಕಾಯಿತು. 1985ರಲ್ಲಿ ಎರಡು ಸಂಘಗಳೂ ಒಂದಾದುವು. 1996ರಲ್ಲಿ ನ್ಯೂಜಿಲೆಂಡಿನ ಸೂಸೀ ಸಿಮ್‌ಕಾಕ್ ಜಗತ್ತಿನ ಫೆಡರೇಷನ್ನಿನ ಅಧ್ಯಕ್ಷೆಯಾದರು. 2020ರಲ್ಲಿ ಅದೇ ಪೀಠಕ್ಕೆ ಬಂದ ಇಂಗ್ಲೆಂಡಿನ ಜೀನಾ ವುಲ್ಡ್ರಿಜ್ ಅದಕ್ಕೆ ಮೊದಲು ಯೂರೋಪಿನ ಮಂಡಲಿಯ ಅಧ್ಯಕ್ಷೆಯಾಗಿದ್ದವರು. ಆಡಳಿತದ ಪಾಠವನ್ನು ನಡುವಿನ ಮೆಟ್ಟಲಿನಲ್ಲಿ ಕಲಿತು ಮೇಲಕ್ಕೆ ಹೋದರು.

ಎಲ್ಲರೂ ಚಾಂಪಿಯನ್ನರಾಗಲಾರರು. ಆದರೆ ಲೆಕ್ಕ ಬಲ್ಲವಳು ಸಂಘದ ಲೆಕ್ಕವನ್ನು ಬರೆಯಬಹುದು. ನಿಯಮ ಬಲ್ಲವಳು ತೀರ್ಪುಗಾರಳಾಗಬಹುದು. ವೈದ್ಯೆಯಾದವಳು ಪಂದ್ಯದ ದಿನ ಅಂಗಣದ ಪಕ್ಕದಲ್ಲಿ ಕುಳಿತಿರಬಹುದು. ಮಕ್ಕಳನ್ನು ಕಂಡು ಬಲ್ಲವಳು ಅವರೊಡನೆ ಪ್ರಯಾಣ ಮಾಡಬಹುದು. ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ತಮ್ಮ ಊರುಗಳ ಕ್ರೀಡಾಸಂಘಗಳಲ್ಲಿ, ಅದು ಯಾವ ಆಟದ್ದಾದರೂ ಸರಿ, ಒಂದೊಂದು ಕುರ್ಚಿಯನ್ನು ವಹಿಸಿಕೊಂಡರೆ, ಮುಂದೆ ಯಾರದೋ ಮಗಳು ಪರದೇಶಕ್ಕೆ ಹೊರಡುವ ದಿನ ಆಕೆಯ ತಾಯಿಯು ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿರುವುದು.