ಎರೆ, ಮಸಾರಿ ಮತ್ತು ತಳದ ಕಲ್ಲು

ವಿಜಯಪುರದ ಕಡೆ ಬಾವಿ ತೋಡುವಾಗ ಸಾಮಾನ್ಯವಾಗಿ ಮೊದಲು ಎರೆಮಣ್ಣು, ಅದರಡಿ ಗರಸು, ಆಮೇಲೆ ಕರಿಗಲ್ಲು ಸಿಗುತ್ತವೆ. ಕೋಲಾರದ ಕಡೆ ಕೆಂಪುಮಣ್ಣಿನಡಿ ಬೂದುಬಣ್ಣದ ಪಟ್ಟೆಗಲ್ಲು ಬರುತ್ತದೆ. ಈ ವ್ಯತ್ಯಾಸದ ಮೂಲ ಭೂಮಿಯ ಒಡಲಿನಲ್ಲಿದೆ.

ನೆಲದಿಂದ ಭೂಕೇಂದ್ರಕ್ಕೆ ಸುಮಾರು 6,370 ಕಿ.ಮೀ. ದೂರ. ಖಂಡಗಳಲ್ಲಿ ಹೊರಚಿಪ್ಪು ಬಹುಮಟ್ಟಿಗೆ 30-40 ಕಿ.ಮೀ. ದಪ್ಪವಿದೆ. ಅಲ್ಲಿಂದ 2,900 ಕಿ.ಮೀ. ಆಳದವರೆಗೆ ಕಾದ ಕಲ್ಲಿನ ನಡುಪದರ, ಅದರೊಳಗೆ ಕಬ್ಬಿಣ-ನಿಕ್ಕಲ್‌ಗಳ ತಿರುಳು. ನಡುಪದರ ಗಟ್ಟಿಯಾಗಿದ್ದರೂ ಕಾವಿನಿಂದ ಬಲು ನಿಧಾನವಾಗಿ ಹರಿಯುತ್ತದೆ. ಅದರ ಮೇಲಿನ ಫಲಕಗಳು ಸರಿಯುತ್ತವೆ. ಭಾರತವನ್ನು ಹೊತ್ತ ಫಲಕ ಈಗಲೂ ವರ್ಷಕ್ಕೆ ಸುಮಾರು 5 ಸೆಂ.ಮೀ. ಸಾಗಿ ಏಷ್ಯಾವನ್ನು ಒತ್ತುತ್ತಿದೆ. ಹಿಮಾಲಯ ಎದ್ದದ್ದು ಈ ಒತ್ತಡದಿಂದಲೇ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈ ಫಲಕ ಒಡಲಿನಿಂದ ಅತಿಕಾವು ಮೇಲೇರುತ್ತಿದ್ದ ತಾಣವೊಂದರ ಮೇಲೆ ಹಾದಾಗ ನೆಲ ಬಿರಿದು ಲಾವಾರಸ ಉಕ್ಕಿತೆಂಬುದು ಬಹುಪಾಲು ಭೂವಿಜ್ಞಾನಿಗಳ ಮತ. ಅದು ಒಂದೇ ಸಲ ಹರಿದುದಲ್ಲ, ಕಂಬಳಿಯ ಮೇಲೆ ಕಂಬಳಿ ಹಾಸಿದಂತೆ ಪದರ ಪದರವಾಗಿ ಹರಡಿ ಆರಿತು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಕರಿಗಲ್ಲು ಅದೇ. ಕಬ್ಬಿಣ, ಸುಣ್ಣ, ಮೆಗ್ನೀಷಿಯಂ ಹೆಚ್ಚಿರುವ ಈ ಕಲ್ಲು ಶಿಥಿಲವಾದರೆ, ನೀರು ಹೀರಿ ಉಬ್ಬುವ, ಒಣಗಿದರೆ ಬಿರಿಯುವ ಜೇಡಿಯಾಗುತ್ತದೆ. ಹಿಂಗಾರಿ ಜೋಳ ಕೈಗೆ ಬರುವುದು ಈ ಜೇಡಿ ಹಿಡಿದಿಟ್ಟ ತೇವದಿಂದ. ಹಾಗೆಂದು ಎರೆ ಇದ್ದಲ್ಲೆಲ್ಲ ಕರಿಗಲ್ಲು ಇರಬೇಕೆಂದಿಲ್ಲ. ಬಳ್ಳಾರಿಯ ಎರೆಯ ತಳದ ಕಲ್ಲೇ ಬೇರೆ.

ಕೋಲಾರ, ತುಮಕೂರುಗಳ ಪಟ್ಟೆಗಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಆಳದ ಕಾವು, ಒತ್ತಡಗಳಿಗೆ ಸಿಕ್ಕಿ ರೂಪ ಬದಲಿಸಿದ ಶಿಲೆ. ಅದರಲ್ಲಿನ ಬೆಣಚು ಸುಲಭವಾಗಿ ಕರಗದೆ ಮರಳಾಗಿ ಉಳಿಯುವುದರಿಂದ ಮಸಾರಿಯಲ್ಲಿ ನೀರು ಬೇಗ ಬಸಿಯುತ್ತದೆ.

ಹೀಗೆ ಸವೆದದ್ದು ಹೊಳೆ ಸೇರಿ, ಹೂಳಾಗಿ, ಒತ್ತಿ ಮತ್ತೆ ಕಲ್ಲಾಗುವುದುಂಟು. ಬಾದಾಮಿಯ ಮರಳುಗಲ್ಲು ಅಂಥದು. ಶಹಾಬಾದಿನ ಹಾಸುಗಲ್ಲು ನೀರಿನಡಿ ಕೂತ ಸುಣ್ಣದ ಕೆಸರು. ಇಂಥ ಸುಣ್ಣಗಲ್ಲು ಆಳದಲ್ಲಿ ಬೆಂದರೆ ಅಮೃತಶಿಲೆ. ಯಾವ ಕಲ್ಲೇ ಆಗಲಿ, ಕರಗಿ ಮೇಲೆ ಬಂದರೆ ಪುನಃ ಲಾವಾ.

ಇನ್ನು ಬಾವಿಯ ಮಾತು. ಇಡೀ ಬಂಡೆಯಲ್ಲಿ ನೀರಿಲ್ಲ. ನೀರಿರುವುದು ಗರಸಿನಲ್ಲಿ, ಬಿರುಕುಗಳಲ್ಲಿ. ಕರಿಗಲ್ಲಿನಲ್ಲಿ ಒಂದು ಪದರ ಮುಗಿದು ಇನ್ನೊಂದು ತೊಡಗುವಲ್ಲಿ ಸೆಲೆ ಸಿಗಬಹುದು. ಪಟ್ಟೆಗಲ್ಲಿನಲ್ಲಿ ಆಳಕ್ಕಿಳಿದಂತೆ ಬಿರುಕು ಸಾಮಾನ್ಯವಾಗಿ ವಿರಳ. ಅಲ್ಲಿ ಸಾಲ ಮಾಡಿ ಇನ್ನೂ ನೂರಾರು ಅಡಿ ಕೊರೆಸುವ ಮೊದಲು ಗರಸು ಎಷ್ಟು ಅಡಿಗೆ ಮುಗಿಯಿತು, ನೀರು ಎಲ್ಲಿ ಕಂಡಿತು ಎಂದು ನೆರೆಯ ಬಾವಿಗಳವರನ್ನು ವಿಚಾರಿಸಿ ಬರೆದಿಟ್ಟುಕೊಳ್ಳುವುದು ಲೇಸು. ಆ ಗರಸು ತುಂಬುವುದು ಬದು, ಕೆರೆಗಳಲ್ಲಿ ನಿಂತು ಇಂಗಿದ ಮಳೆನೀರಿನಿಂದ.