ಎಲ್ಲವೂ ಸಕ್ಕರೆಯ ದೋಷವಲ್ಲ

ತಾಮ್ರದ ತಂಬಿಗೆಯಲ್ಲಿ ರಾತ್ರಿ ನೀರು ತುಂಬಿಟ್ಟು ಪ್ರಾತಃಕಾಲದಲ್ಲಿ ಸೇವಿಸುವುದು ನಮ್ಮ ಅನೇಕ ಮನೆಗಳ ವಾಡಿಕೆ. ತಾಮ್ರವು ಶರೀರಕ್ಕೆ ಅವಶ್ಯವಾದ ಲೋಹವೇ ಸರಿ. ಆದರೆ ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ. ಹೆಚ್ಚಾದುದನ್ನು ಯಕೃತ್ತು ಪಿತ್ತರಸದ ಮೂಲಕ ಹೊರಹಾಕುತ್ತದೆ. ಈ ಕಾರ್ಯವನ್ನು ನಡೆಸುವ ವಂಶವಾಹಿಯು ಹುಟ್ಟಿನಿಂದಲೇ ದೋಷಯುಕ್ತವಾಗಿದ್ದರೆ ತಾಮ್ರವು ಯಕೃತ್ತಿನಲ್ಲಿಯೂ, ಬಳಿಕ ಮೆದುಳು, ಕಣ್ಣು, ಮೂತ್ರಪಿಂಡಗಳಲ್ಲಿಯೂ ಸಂಚಯವಾಗುತ್ತದೆ. 1912ರಲ್ಲಿ ಕಿನ್ನಿಯರ್ ವಿಲ್ಸನ್ ಎಂಬ ನರರೋಗತಜ್ಞರು ವಿವರಿಸಿದ ಈ ವ್ಯಾಧಿಗೆ ಅವರ ಹೆಸರೇ ನಿಂತಿದೆ. ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುವ ವಿರಳ ವ್ಯಾಧಿಯಿದು.

ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಹದಿಹರೆಯದ ಮಕ್ಕಳಲ್ಲಿ ಇದು ಕಾಣಿಸಿಕೊಂಡಾಗ ಗುರುತಿಸುವುದು ಇನ್ನೂ ಕಠಿಣ. ಯಕೃತ್ತು ಊದಿಕೊಂಡರೆ ಸಕ್ಕರೆ ಹತೋಟಿಯಲ್ಲಿಲ್ಲವೆನ್ನುತ್ತೇವೆ. ಹತೋಟಿ ತಪ್ಪಿದ ಮಧುಮೇಹದಲ್ಲಿಯೂ ಹಾಗಾಗುವುದುಂಟು. ಕೈ ನಡುಗಿದರೆ ಸಕ್ಕರೆ ಇಳಿದಿದೆಯೆಂದು ಬೆಲ್ಲದ ನೀರು ಕುಡಿಸುತ್ತೇವೆ. ಅಕ್ಷರ ಕೆಟ್ಟು, ಮಾತು ತೊದಲಿ, ಓದು ಹಿಂದೆಬಿದ್ದರೆ ಮಗುವನ್ನೇ ಗದರಿಸುತ್ತೇವೆ. ವಿಲ್ಸನ್ ವ್ಯಾಧಿಯಲ್ಲಿ ರಕ್ತಕಣಗಳು ಒಡೆಯುತ್ತಿದ್ದರೆ, ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಪರೀಕ್ಷೆಯೂ ನಿಜಕ್ಕಿಂತ ಕಡಿಮೆ ತೋರಿಸಬಹುದು. ಇದಕ್ಕೆ ವಿಪರೀತವಾಗಿ, ಮಧುಮೇಹವಿಲ್ಲದಿದ್ದರೂ ಮೂತ್ರಪಿಂಡಕ್ಕೆ ತಾಮ್ರದಿಂದ ಹಾನಿಯಾದಾಗ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುವುದುಂಟು.

ಸಂಶಯ ಮೂಡಿದರೆ ಪರೀಕ್ಷೆಗಳು ಕಷ್ಟವಲ್ಲ. ರಕ್ತದ ಸೆರುಲೋಪ್ಲಾಸ್ಮಿನ್, 24 ಗಂಟೆಗಳ ಮೂತ್ರದಲ್ಲಿಯ ತಾಮ್ರ, ಕಣ್ಣಿನ ಕರಿಗುಡ್ಡೆಯ ಅಂಚಿನ ಕಂದುಬಳೆ ಇವುಗಳನ್ನು ವೈದ್ಯರು ನೋಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ವ್ಯಾಧಿಯ ಅಧ್ಯಯನ ಅನೇಕ ವರ್ಷಗಳಿಂದ ನಡೆದುಬಂದಿದೆ.

1956ರಲ್ಲಿ ವೈದ್ಯ ಜಾನ್ ವಾಲ್ಶ್ ಅವರು ಬಳಕೆಗೆ ತಂದ ಪೆನಿಸಿಲಮೈನ್ ತಾಮ್ರವನ್ನು ಮೂತ್ರದ ಮೂಲಕ ಹೊರಹಾಕಿಸುತ್ತದೆ. ಸತುವಿನ ಔಷಧವು ಕರುಳು ಅದನ್ನು ಹೀರದಂತೆ ತಡೆಯುತ್ತದೆ. ಚಿಕಿತ್ಸೆ ಜೀವನಪರ್ಯಂತ ನಡೆಯಬೇಕು. ಗುಣವಾಯಿತೆಂದು ತಾವಾಗಿಯೇ ನಿಲ್ಲಿಸಿದವರಲ್ಲಿ ಯಕೃತ್ತು ಹಠಾತ್ತನೆ ವಿಫಲವಾಗಿ ಪ್ರಾಣಕ್ಕೇ ಎರವಾದದ್ದುಂಟು. ಇಂತಹ ಮಕ್ಕಳಿಗೆ ತಾಮ್ರದ ಪಾತ್ರೆಯ ನೀರು ಸಲ್ಲದು. ಗೋಡಂಬಿ, ಅಣಬೆ, ಚಾಕೊಲೇಟುಗಳನ್ನೂ ವೈದ್ಯರು ಮಿತಗೊಳಿಸುತ್ತಾರೆ.

ಇನ್ನೊಂದು ಮಾತು. ತಾಯಿ ತಂದೆ ಇಬ್ಬರೂ ನಿರೋಗಿಗಳಾಗಿದ್ದು ದೋಷವನ್ನು ಒಳಗೇ ಹೊತ್ತಿರುತ್ತಾರೆ. ಆದುದರಿಂದ ರಕ್ತಸಂಬಂಧದ ವಿವಾಹಗಳಲ್ಲಿ, ಸೋದರಮಾವನಿಗೆ ಹೆಣ್ಣು ಕೊಡುವ ಮನೆತನಗಳಲ್ಲಿ, ಅಪಾಯ ಹೆಚ್ಚು. ಒಂದು ಮಗುವಿಗೆ ಈ ವ್ಯಾಧಿಯಿದ್ದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವವಿದೆ. ಆಡಿಕೊಂಡಿರುವ ತಮ್ಮನನ್ನೂ ತಂಗಿಯನ್ನೂ ಆಗಲೇ ಪರೀಕ್ಷೆಗೆ ಕರೆದೊಯ್ಯಬೇಕು. ಲಕ್ಷಣ ತೋರುವ ಮೊದಲೇ ಔಷಧ ದೊರೆತ ಮಗು ಎಲ್ಲರಂತೆ ಬೆಳೆದು ಬಾಳಬಲ್ಲದು.