ಹಕ್ಕಿಯ ಕಾಲಿನ ಉಂಗುರ ಏನು ಹೇಳುತ್ತದೆ?



ಹಿಂಗಾರಿ ಜೋಳ ತೆನೆ ಹಾಯ್ದು ಹಾಲುಗಾಳು ಕಟ್ಟುವ ಹೊತ್ತಿಗೆ ನಮ್ಮ ಗಬ್ಬೂರು ಸೀಮೆಯ ಎರೆ ಹೊಲಗಳ ಮೇಲೆ ಒಂದು ಜಾತಿಯ ಹಕ್ಕಿ ಹಿಂಡು ಹಿಂಡಾಗಿ ಬಂದಿಳಿಯುವುದನ್ನು ನೀವೆಲ್ಲರೂ ಕಂಡಿದ್ದೀರಿ. ಗಾತ್ರದಲ್ಲಿ ಗೊರವಂಕದಷ್ಟು. ಮೈ ಮಾಸಲು ಗುಲಾಬಿ. ತಲೆ, ರೆಕ್ಕೆ, ಬಾಲ ಕಪ್ಪು. ಪುಸ್ತಕಗಳಲ್ಲಿ ಇದರ ಹೆಸರು ಗುಲಾಬಿ ಕಬ್ಬಕ್ಕಿ. ಹಳೆಯ ಹಕ್ಕಿ ಪುಸ್ತಕಗಳಲ್ಲಿ ಇದಕ್ಕೆ ‘ಜೋಳದ ಹಕ್ಕಿ’ ಎಂಬ ಇನ್ನೊಂದು ಹೆಸರೂ ಇದೆ. ಅಟ್ಟದ ಮೇಲೆ ನಿಂತು ಕವಣೆ ಬೀಸಿ ಇದನ್ನು ಓಡಿಸದ ರೈತರು ನಮ್ಮಲ್ಲಿ ಕಡಿಮೆ.

ಯುಗಾದಿ ಕಳೆದು ಬಿಸಿಲೇರಿತೆಂದರೆ ಈ ಹಕ್ಕಿ ಒಂದೂ ಕಾಣುವುದಿಲ್ಲ. ಮತ್ತೆ ಮಳೆಗಾಲದ ಕೊನೆಯಲ್ಲಿ ಹಾಜರಾಗುತ್ತದೆ. ರಂಟೆ, ಕುಂಟೆ ಹೊಡೆಯುವಾಗ ಎತ್ತಿನ ಹಿಂದೆ ಬಾಲ ಆಡಿಸುತ್ತ ಹುಳು ಹೆಕ್ಕುವ ಸಿಪಿಲೆ ಹಕ್ಕಿಗಳಲ್ಲಿ ಹಲವು ಜಾತಿಗಳೂ, ಹೊಟ್ಟೆ ಹಳದಿ ತಲೆ ಕಪ್ಪಾದ ಕಾಳುಗುಬ್ಬಿಯೂ ಇದೇ ರೀತಿ ಚಳಿಗಾಲಕ್ಕೆ ಬಂದು ಬೇಸಿಗೆಗೆ ಹೋಗುವಂಥವು. ಇವು ಎಲ್ಲಿಗೆ ಹೋಗುತ್ತವೆ? ಈ ವರ್ಷ ಬಂದದ್ದು ಹೋದ ವರ್ಷದ ಹಕ್ಕಿಯೋ, ಬೇರೆಯದೋ? ನೋಡಿದ ಮಾತ್ರಕ್ಕೆ ಇದನ್ನು ಹೇಳಲಾಗದು. ಒಂದರಂತೆ ಇನ್ನೊಂದಿರುವ ಸಾವಿರ ಹಕ್ಕಿಗಳಲ್ಲಿ ಒಂದನ್ನು ಗುರುತು ಹಿಡಿಯುವುದು ಹೇಗೆ? ಇದಕ್ಕೆ ಜನ ಕಂಡುಕೊಂಡ ಉಪಾಯವೇ ಹಕ್ಕಿಯ ಕಾಲಿಗೆ ಉಂಗುರ ತೊಡಿಸುವುದು.

ಉಪಾಯ ಹುಟ್ಟಿದ ಬಗೆ

ನಿಮ್ಮ ಎಮ್ಮೆ, ಆಕಳುಗಳ ಕಿವಿಗೆ ಪಶು ಇಲಾಖೆಯವರು ಹನ್ನೆರಡು ಅಂಕೆಯ ಓಲೆ ಹಾಕಿರುವುದನ್ನು ನೋಡಿದ್ದೀರಿ. ಆ ಅಂಕೆ ಇನ್ನೊಂದು ದನಕ್ಕೆ ಇರುವುದಿಲ್ಲ. ಹಕ್ಕಿಯ ಉಂಗುರವೂ ಹಾಗೆಯೇ. ಡೆನ್ಮಾರ್ಕ್ ದೇಶದ ವಿಬೋರ್ಗ್ ಎಂಬ ಊರಿನಲ್ಲಿ ಮಾರ್ಟೆನ್ಸನ್ ಎಂಬ ಶಾಲಾ ಮಾಸ್ತರರು 1899ರಲ್ಲಿ ಕಬ್ಬಕ್ಕಿಯ ಜಾತಿಯ 165 ಹಕ್ಕಿಗಳ ಕಾಲಿಗೆ ಅಲ್ಯೂಮಿನಿಯಂ ಉಂಗುರ ತೊಡಿಸಿ ಬಿಟ್ಟರು. ಪ್ರತಿ ಉಂಗುರದ ಮೇಲೂ ಒಂದು ಅಂಕೆ ಮತ್ತು ವಿಳಾಸ ಇದ್ದವು. ಹಕ್ಕಿ ಸಿಕ್ಕವರು ಅಂಕೆಯನ್ನು ಬರೆದು ತಿಳಿಸಿದರೆ, ಅದು ಎಲ್ಲಿಂದ ಎಲ್ಲಿಗೆ, ಎಷ್ಟು ದಿನದಲ್ಲಿ ಬಂತೆಂಬುದು ಗೊತ್ತಾಗುವುದು. ಇಷ್ಟು ಸರಳವಾದ ಉಪಾಯ ಹತ್ತಾರು ದೇಶಗಳಿಗೆ ಹಬ್ಬಿತು. ಬ್ರಿಟನ್ನಿನಲ್ಲಿ 1909ರಿಂದ ಈ ಕೆಲಸ ನಡೆದಿದೆ. ಅಲ್ಲಿ ತರಬೇತಿ ಪಡೆದು ಉಂಗುರ ತೊಡಿಸುವವರು ಎರಡೂವರೆ ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹುತೇಕರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು.

ನಮ್ಮ ದೇಶದಲ್ಲಿ

ನಮ್ಮಲ್ಲಿ ಈ ಕೆಲಸವನ್ನು ನಡೆಸುತ್ತ ಬಂದಿರುವುದು 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. 1920ರ ದಶಕದಲ್ಲಿಯೇ ಮಧ್ಯ ಭಾರತದ ಧಾರ್ ಸಂಸ್ಥಾನದಲ್ಲಿ ಬಾತುಗಳಿಗೆ ಉಂಗುರ ತೊಡಿಸಲಾಗಿತ್ತು. ಆದರೆ ದೊಡ್ಡ ಪ್ರಮಾಣದಲ್ಲಿ ಕೆಲಸ ಮೊದಲಾಗಲು ಕಾರಣವಾದದ್ದು ನಮ್ಮ ನಾಡಿನದೇ ಒಂದು ರೋಗ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಹಿಂದೆಯೇ ಕಾಡಿಗೆ ಹೋಗಿಬರುವ ಜನರೂ ಜ್ವರದಿಂದ ಮಲಗಿದರು. ಇದನ್ನೇ ಮಂಗನ ಕಾಯಿಲೆ ಎನ್ನುತ್ತೇವೆ. ರೋಗಾಣುವನ್ನು ಪರೀಕ್ಷಿಸಿದಾಗ ಅದು ರಷ್ಯದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಒಂದು ರೋಗದ ಹತ್ತಿರದ ಸಂಬಂಧಿ ಎಂದು ಕಂಡುಬಂದಿತು. ಅಷ್ಟು ದೂರದ ರೋಗ ಮಲೆನಾಡಿಗೆ ಬಂದದ್ದು ಹೇಗೆ? ಚಳಿಗಾಲದಲ್ಲಿ ಉತ್ತರದಿಂದ ಬರುವ ಹಕ್ಕಿಗಳು ಮೈಗೆ ಅಂಟಿದ ಉಣ್ಣೆಗಳೊಡನೆ ಅದನ್ನು ತಂದಿರಬಹುದೇ ಎಂಬ ಸಂಶಯ ಹುಟ್ಟಿತು. ಸಂಶಯ ಪರಿಹರಿಸಲು ಹಕ್ಕಿಗಳ ದಾರಿ ತಿಳಿಯಬೇಕಿತ್ತು. ಹೀಗಾಗಿ 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಡಾ. ಸಲೀಂ ಅಲಿಯವರ ನೇತೃತ್ವದಲ್ಲಿ ವಲಸೆ ಹಕ್ಕಿಗಳ ಅಧ್ಯಯನ ಆರಂಭವಾಯಿತು. ಇದೇ ಸಲೀಂ ಅಲಿಯವರು 1931–32ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ನಡೆಸಿದ್ದರು. ನಮ್ಮ ರಾಯಚೂರು ಜಿಲ್ಲೆ ಆಗ ಆ ಸಂಸ್ಥಾನಕ್ಕೆ ಸೇರಿತ್ತು.

ವರ್ಷಗಟ್ಟಲೆ ಹಕ್ಕಿಗಳನ್ನು ಹಿಡಿದು, ಪರೀಕ್ಷಿಸಿ, ಉಂಗುರ ತೊಡಿಸಿ ಬಿಡಲಾಯಿತು. ವಲಸೆ ಹಕ್ಕಿಗಳೇ ಮಂಗನ ಕಾಯಿಲೆಯನ್ನು ಹೊತ್ತು ತಂದವೆಂಬುದಕ್ಕೆ ಸಾಕ್ಷಿ ದೊರೆಯಲಿಲ್ಲ. ರೋಗವು ನಮ್ಮ ಕಾಡಿನ ಉಣ್ಣೆಗಳಿಂದ ಹರಡುತ್ತದೆ. ಒಂದು ಅಪವಾದದಿಂದ ಹಕ್ಕಿ ಬಿಡುಗಡೆ ಹೊಂದಿತು. ಜೊತೆಗೆ ಹಕ್ಕಿಗಳ ದಾರಿಯ ಬಗ್ಗೆ ದೇಶಕ್ಕೆ ಜ್ಞಾನವೂ ಬಂತು.

ಕೆಲಸ ನಡೆಯುವ ರೀತಿ

ವಲಸೆಯ ಕಾಲವೆಂದರೆ ಹಕ್ಕಿ ಬರುವ ಆಗಸ್ಟಿನಿಂದ ನವೆಂಬರ್ ಮತ್ತು ಮರಳುವ ಮಾರ್ಚ್, ಏಪ್ರಿಲ್ ತಿಂಗಳುಗಳು. ಈ ದಿನಗಳಲ್ಲಿ ಉಂಗುರ ತೊಡಿಸುವ ತಂಡ ಕೋಳಿ ಕೂಗುವ ಮೊದಲೇ ಎದ್ದು ಪೊದೆಗಳ ನಡುವೆ ಬಲೆ ಕಟ್ಟುತ್ತದೆ. ಈ ಬಲೆ ಜಪಾನಿನಿಂದ ಬಂದದ್ದು. ಕಪ್ಪು ದಾರ ಕೂದಲಿನಷ್ಟು ಸಣ್ಣ; ಮಸುಕು ಬೆಳಕಿನಲ್ಲಿ ಹಕ್ಕಿಗೆ ಕಾಣುವುದಿಲ್ಲ. ಹಾರಿ ಬಂದ ಹಕ್ಕಿ ಬಲೆಯ ಮಡಿಕೆಯೊಳಗೆ ಪೆಟ್ಟಾಗದಂತೆ ಬೀಳುತ್ತದೆ. ಹಕ್ಕಿ ಹಿಡಿಯುವ ಈ ಕೈಚಳಕದಲ್ಲಿ ಸೊಸೈಟಿಗೆ ಬಹಳ ನೆರವಾದವರು ಬಿಹಾರದ ಮೀರ್‌ಶಿಕಾರ್ ಜನ. ತಲೆಮಾರುಗಳಿಂದ ಮಾರಾಟಕ್ಕೆ ಹಕ್ಕಿ ಹಿಡಿಯುತ್ತಿದ್ದ ಅವರ ವಿದ್ಯೆ ವಿಜ್ಞಾನದ ಕೆಲಸಕ್ಕೆ ಬಂದಿತು.

ಬಲೆಯನ್ನು ಅರ್ಧ ಗಂಟೆಗೊಮ್ಮೆಯಾದರೂ ನೋಡಲೇಬೇಕು. ತಡವಾದರೆ ಬಿಸಿಲಿಗೆ ಹಕ್ಕಿ ಬಳಲುತ್ತದೆ, ಇಲ್ಲವೆ ಬೆಕ್ಕು, ಕಾಗೆಗಳ ಪಾಲಾಗುತ್ತದೆ. ಬಿಸಿಲೇರಿದರೆ, ಗಾಳಿ ಜೋರಾದರೆ, ಮಳೆ ಹನಿಸಿದರೆ ಬಲೆ ಮುಚ್ಚತಕ್ಕದ್ದು. ಬಿಡಿಸಿದ ಹಕ್ಕಿಯನ್ನು ಬಟ್ಟೆಯ ಚೀಲದಲ್ಲಿಟ್ಟು ಮೇಜಿನ ಬಳಿಗೆ ತರುತ್ತಾರೆ. ಕತ್ತಲಲ್ಲಿ ಹಕ್ಕಿ ಸುಮ್ಮನಿರುತ್ತದೆ. ಅಲ್ಲಿ ಜಾತಿ ಯಾವುದು, ಗಂಡೋ ಹೆಣ್ಣೋ, ಮರಿಯೋ ಬಲಿತದ್ದೋ ಎಂದು ನೋಡಿ, ಕಾಲಿಗೆ ಉಂಗುರ ತೊಡಿಸಿ, ರೆಕ್ಕೆಯ ಉದ್ದ ಅಳೆದು ತೂಕ ಮಾಡುತ್ತಾರೆ. ಚಿಕ್ಕ ಹಕ್ಕಿಯ ಉಂಗುರ ಒಂದೆರಡು ಜೋಳದ ಕಾಳಿನಷ್ಟು ತೂಗುತ್ತದೆ. ಅದು ಕಾಲಿನ ಮೇಲೆ ಸಡಿಲವಾಗಿ ಆಡುವುದರಿಂದ ಹಕ್ಕಿಗೆ ತೊಂದರೆಯಿಲ್ಲ. ಕೊನೆಗೆ ಹೊಟ್ಟೆಯ ಗರಿಗಳನ್ನು ಬಾಯಿಂದ ಊದಿ ಸರಿಸಿ, ತೊಗಲಿನ ಕೆಳಗೆ ಹಳದಿ ಕೊಬ್ಬು ಎಷ್ಟಿದೆ ಎಂದು ನೋಡಿ ಬಿಡುತ್ತಾರೆ. ಈ ಕೊಬ್ಬೇ ಹಕ್ಕಿಯ ಬುತ್ತಿ. ದೂರದ ಹಾರಾಟಕ್ಕೆ ಮುಂಚೆ ಕೆಲವು ಸಣ್ಣ ಹಕ್ಕಿಗಳ ತೂಕ ಇಮ್ಮಡಿಯಾಗುವುದೂ ಉಂಟು.

ಇದರಲ್ಲಿ ಸ್ವಯಂಸೇವಕರ ಪಾಲು ದೊಡ್ಡದು. ಉಂಗುರ ತೊಡಿಸುವುದಕ್ಕೆ ದೀರ್ಘ ತರಬೇತಿ ಬೇಕು. ಆದರೆ ಬಲೆ ಕಾಯುವುದು, ಚೀಲ ಹೊರುವುದು, ಲೆಕ್ಕ ಬರೆಯುವುದು, ಇವನ್ನು ಶಾಲೆಯ ಹುಡುಗ ಹುಡುಗಿಯರೂ ಕಲಿಯಬಹುದು. ಬರೆಯುವ ಕೆಲಸ ಕಿರಿದೆಂದು ತಿಳಿಯಬೇಡಿ. ಪುಸ್ತಕದಲ್ಲಿ ಒಂದು ಅಂಕೆ ತಪ್ಪಾದರೆ ಆ ಹಕ್ಕಿ ಸಾವಿರಾರು ಮೈಲಿ ಹಾರಿ ಬೇರೆ ದೇಶದಲ್ಲಿ ಸಿಕ್ಕರೂ ಅದರ ಕಥೆ ಸುಳ್ಳಾಗುತ್ತದೆ.

ಉಂಗುರದಿಂದ ತಿಳಿದ ಸಂಗತಿಗಳು

ಸಣ್ಣ ಹಕ್ಕಿಗಳಲ್ಲಿ ಉಂಗುರ ತೊಟ್ಟ ನೂರಕ್ಕೆ ಒಂದರ ಸುದ್ದಿ ಕೂಡ ದೂರದಿಂದ ಮರಳಿ ಬರುವುದಿಲ್ಲ. ಆದುದರಿಂದಲೇ ಸಿಕ್ಕ ಒಂದೊಂದು ಉಂಗುರಕ್ಕೂ ಬೆಲೆ ಹೆಚ್ಚು. ರಾಜಸ್ಥಾನದ ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಸೈಬೀರಿಯದಲ್ಲಿ ಸಿಕ್ಕಿವೆ. ಮಂಗೋಲಿಯದಲ್ಲಿ ಕುತ್ತಿಗೆಗೆ ಅಂಕೆಯ ಪಟ್ಟಿ ಹಾಕಿದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಕಂಡಿವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇದೇ ಹೆಬ್ಬಾತುಗಳು ಪ್ರತಿ ಚಳಿಗಾಲ ಬರುತ್ತವೆ. ಹತ್ತು ಗ್ರಾಂ ತೂಗುವ ಉಲಿಯಕ್ಕಿಯಂಥ ಪುಟ್ಟ ಹಕ್ಕಿಗಳು ಸಹ ಪರ್ವತ, ಮರುಭೂಮಿ ದಾಟಿ ಹೋಗಿ, ಮರುವರ್ಷ ಅದೇ ತೋಟಕ್ಕೆ, ಅದೇ ಪೊದೆಗೆ ಮರಳುವುದುಂಟೆಂದು ಉಂಗುರದಿಂದಲೇ ಗೊತ್ತಾಯಿತು. ಈಗ ಉಪಗ್ರಹಕ್ಕೆ ಸುದ್ದಿ ಕಳಿಸುವ ಯಂತ್ರಗಳು ಬಂದಿವೆ. ಆದರೆ ಅವು ಹಕ್ಕಿಯ ತೂಕಕ್ಕೆ ಹೊರೆಯಾಗಬಾರದಷ್ಟೆ; ಆದ್ದರಿಂದ ಪುಟ್ಟ ಹಕ್ಕಿಗಳಿಗೆ ಇಂದಿಗೂ ಉಂಗುರವೇ ಗತಿ.

ಇದರಿಂದ ರೈತನಿಗೇನು?

ಈ ಪ್ರಶ್ನೆ ನ್ಯಾಯವಾದದ್ದು. ಗುಲಾಬಿ ಕಬ್ಬಕ್ಕಿಯನ್ನೇ ತೆಗೆದುಕೊಳ್ಳಿ. ಅದು ನಮ್ಮ ಜೋಳ ತಿನ್ನುವುದು ನಿಜ. ಆದರೆ ಅದು ಮರಿ ಮಾಡುವುದು ಇಲ್ಲಿಂದ ಮೂರು ಸಾವಿರ ಕಿಲೋಮೀಟರಿಗೂ ಆಚೆ, ಕಜಕಸ್ತಾನ ಮುಂತಾದ ಮಧ್ಯ ಏಷ್ಯದ ಹುಲ್ಲುಗಾವಲುಗಳ ಕಲ್ಲುಗುಡ್ಡೆಗಳಲ್ಲಿ. ಅಲ್ಲಿ ಅದರ ಮತ್ತು ಅದರ ಮರಿಗಳ ಮುಖ್ಯ ಆಹಾರ ಮಿಡತೆ. ಚೀನದ ಶಿಂಜಿಯಾಂಗ್ ಪ್ರಾಂತದಲ್ಲಿ ಮಿಡತೆಯ ಕಾಟ ತಡೆಯಲು ಈ ಹಕ್ಕಿಗೆಂದೇ ಕಲ್ಲು, ಇಟ್ಟಿಗೆಗಳಿಂದ ಗೂಡಿನ ಜಾಗ ಕಟ್ಟಿಸಿಕೊಡುತ್ತಾರೆ. ಮಿಡತೆಯ ಭಯ ನಮಗೂ ಹೊಸದಲ್ಲ. 2020ರಲ್ಲಿ ಅದರ ದಂಡು ರಾಜಸ್ಥಾನದಿಂದ ಮಹಾರಾಷ್ಟ್ರದವರೆಗೆ ಬಂದಾಗ ನಮ್ಮ ಉತ್ತರ ಜಿಲ್ಲೆಗಳೂ ಎಚ್ಚರದಿಂದ ಕಾದಿದ್ದವು. ನಮ್ಮ ಹೊಲದಲ್ಲಿಯೂ ಈ ಹಕ್ಕಿ ಬರಿ ಕಾಳನ್ನು ತಿನ್ನುವುದಿಲ್ಲ. ಹುಳು, ಮಿಡತೆಗಳನ್ನೂ ಹೆಕ್ಕುತ್ತದೆ. ಸಿಪಿಲೆಯಂತೂ ಕಾಳು ಮುಟ್ಟದು; ಹುಳುವೇ ಅದರ ಊಟ.

ಇಲ್ಲಿಯೇ ಎಚ್ಚರಿಕೆಯ ಒಂದು ಮಾತು. ಕಾಳಿಗೆ ವಿಷ ಬೆರೆಸಿ ಹೊಲದಲ್ಲಿ ಚೆಲ್ಲುವುದು ಸುಲಭವೆಂದು ಕಂಡೀತು. ಆದರೆ ಆ ವಿಷ ಹಕ್ಕಿ ಯಾವುದು, ಕೋಳಿ ಯಾವುದು ಎಂದು ನೋಡುವುದಿಲ್ಲ. ನವಿಲು, ಪಾರಿವಾಳ, ನೆರೆಯವನ ಕೋಳಿ ಎಲ್ಲವೂ ಸಾಯುತ್ತವೆ. ಸತ್ತದ್ದನ್ನು ತಿಂದ ನಾಯಿ, ಹದ್ದುಗಳೂ ಉಳಿಯವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದು ಅಪರಾಧವೂ ಹೌದು. ಅದಕ್ಕಿಂತ ಹಿರಿಯರು ಮಾಡುತ್ತ ಬಂದ ಕ್ರಮವೇ ಮೇಲು. ಹಾಲುಗಾಳಿನ ಎರಡು ಮೂರು ವಾರ, ಬೆಳಗಿನ ಮೊದಲ ಎರಡು ತಾಸು ಮತ್ತು ಸಂಜೆಯ ಎರಡು ತಾಸು ಕಾವಲು ತಪ್ಪಿಸಬೇಡಿ. ಹಕ್ಕಿ ಹೊಟ್ಟೆ ಹೊರೆಯುವ ಹೊತ್ತು ಅದೇ. ನೆರೆಹೊರೆಯವರೆಲ್ಲ ಕೂಡಿ ಮಾತಾಡಿ ಒಂದೇ ವಾರದಲ್ಲಿ ಬಿತ್ತಿರಿ. ಮುಂಚೆ ತೆನೆ ಬಂದ ಒಂಟಿ ಹೊಲಕ್ಕೇ ಇಡೀ ಹಿಂಡು ಇಳಿಯುತ್ತದೆ. ನೂರು ಎಕರೆ ಒಟ್ಟಿಗೆ ತೆನೆ ಹಾಯ್ದರೆ ನಷ್ಟ ಹಂಚಿಹೋಗುತ್ತದೆ. ಗಾಳಿಗೆ ಮಿನುಗಿ ಸದ್ದು ಮಾಡುವ ಪಟ್ಟಿ ಕಟ್ಟಿದರೂ ಕೆಲವು ದಿನ ಉಪಯೋಗವಿದೆ. ತೊಗರಿ, ಕಡಲೆ ಹೊಲದಲ್ಲಿ ಮಾತ್ರ ಹಕ್ಕಿಯನ್ನು ಓಡಿಸಬೇಡಿ. ಅಲ್ಲಲ್ಲಿ ಕವಲುಕಡ್ಡಿ ನೆಟ್ಟು ಕೂಡಲು ಜಾಗ ಕೊಡಿ. ಕಾಯಿಕೊರಕ ಹುಳುವನ್ನು ಅದು ಹೆಕ್ಕುತ್ತದೆ.

ಹಳ್ಳಿಯ ಜನ ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ನಾಗಾಲ್ಯಾಂಡಿನ ಪಾಂಗ್ಟಿ ಗ್ರಾಮ ಸಾಕ್ಷಿ. ಅಲ್ಲಿ 2012ರವರೆಗೆ ಅಮುರ್ ಚಾಣಗಳೆಂಬ ವಲಸೆ ಹಕ್ಕಿಗಳನ್ನು ಬಲೆ ಹಾಕಿ ಸಾವಿರಗಟ್ಟಲೆ ಕೊಲ್ಲುತ್ತಿದ್ದರು. 2013ರಲ್ಲಿ ಊರವರೇ ಕೂಡಿ ಬೇಟೆ ನಿಲ್ಲಿಸಿದರು. ಅದೇ ವರ್ಷ ಮೂರು ಚಾಣಗಳಿಗೆ ಉಪಗ್ರಹ ಯಂತ್ರ ಕಟ್ಟಿ ಬಿಡಲಾಯಿತು. ಒಂದಕ್ಕೆ ಆ ಊರಿನ ಹೆಸರನ್ನೇ ಇಟ್ಟರು. ಆ ಹಕ್ಕಿಗಳು ದಖ್ಖನಿನ ಮೇಲೆ ಹಾದು, ಅರಬ್ಬೀ ಸಮುದ್ರ ದಾಟಿ ಆಫ್ರಿಕ ಮುಟ್ಟಿದವು.

ಉಂಗುರ ಸಿಕ್ಕರೆ ಮಾಡಬೇಕಾದುದು

1. ಹಕ್ಕಿ ಜೀವಂತವಿದ್ದರೆ ಉಂಗುರ ತೆಗೆಯಬಾರದು. ಅಂಕೆ, ಅಕ್ಷರಗಳನ್ನು ಬರೆದುಕೊಂಡು ಅಥವಾ ಫೋಟೋ ತೆಗೆದು ಹಕ್ಕಿಯನ್ನು ಬಿಟ್ಟುಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

2. ಸತ್ತಿದ್ದರೆ ಬರಿಗೈಯಿಂದ ಮುಟ್ಟಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಉಂಗುರ ತೆಗೆದು, ಆಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಹಲವು ಹಕ್ಕಿಗಳು ಒಟ್ಟಿಗೆ ಸತ್ತು ಬಿದ್ದಿದ್ದರೆ ಮುಟ್ಟದೆ ಪಶು ವೈದ್ಯರಿಗೂ ಅರಣ್ಯ ಇಲಾಖೆಗೂ ಸುದ್ದಿ ಕೊಡಿ.

3. ಸಿಕ್ಕ ತಾರೀಖು, ಊರು, ತಾಲೂಕು, ಹೇಗೆ ಸಿಕ್ಕಿತು ಎಂಬುದನ್ನು ಬರೆಯಿರಿ. ‘ಇನ್‌ಫಾರ್ಮ್ ಬಾಂಬೆ’ ಎಂಬ ಇಂಗ್ಲಿಷ್ ಬರಹವಿದ್ದರೆ ಅದು ಸೊಸೈಟಿಯ ಉಂಗುರ. ವಿಳಾಸ: ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಹಾರ್ನ್‌ಬಿಲ್ ಹೌಸ್, ಶಹೀದ್ ಭಗತ್ ಸಿಂಗ್ ರಸ್ತೆ, ಮುಂಬಯಿ 400001. ಬೇರೆ ದೇಶದ ಉಂಗುರವಾದರೂ ಇಲ್ಲಿಗೇ ಬರೆಯಬಹುದು.

4. ಉಂಗುರ ಅಥವಾ ಯಂತ್ರ ಕಂಡು ಗೂಢಚಾರ ಹಕ್ಕಿಯೆಂದು ಹೆದರಿ ಹೊಡೆಯಬೇಡಿ. ಸಂಶಯವಿದ್ದರೆ ಪೊಲೀಸರಿಗೋ ಅರಣ್ಯ ಇಲಾಖೆಗೋ ತಿಳಿಸಿದರೆ ಸಾಕು.

5. ಆಸೆಯಿಂದ ನೀವೇ ಬಲೆ ಹಾಕಬೇಡಿ. ಅನುಮತಿ, ತರಬೇತಿ ಇಲ್ಲದೆ ಹಕ್ಕಿ ಹಿಡಿಯುವುದು ಅಪರಾಧ.

ಬಲೆಯಿಲ್ಲದೆ ಮಾಡಬಹುದಾದ ಕೆಲಸವೂ ಇದೆ. ಗುಲಾಬಿ ಕಬ್ಬಕ್ಕಿಯ ಹಿಂಡು ನಿಮ್ಮ ಹೊಲಕ್ಕೆ ಮೊದಲು ಬಂದ ದಿನ ಯಾವುದು, ಕೊನೆಯದಾಗಿ ಕಂಡ ದಿನ ಯಾವುದು ಎಂದು ಮನೆಯ ಪಂಚಾಂಗದ ಮೇಲೆ ಗುರುತು ಹಾಕಿರಿ. ಮಕ್ಕಳಿಂದ ಹಾಕಿಸಿದರೆ ಇನ್ನೂ ಒಳ್ಳೆಯದು. ನಾಲ್ಕಾರು ವರ್ಷ ಹೀಗೆ ಮಾಡಿದರೆ ಕಾವಲು ಯಾವಾಗ ಹೂಡಬೇಕೆಂಬುದು ಮೊದಲೇ ತಿಳಿಯುತ್ತದೆ.

ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿ ನಮ್ಮದು. ಆ ಹೊತ್ತು ಜೋಳದ ಮೇಲೆ ಕೂತ ಹಿಂಡನ್ನು ಒಮ್ಮೆ ನಿಂತು ನೋಡಿರಿ. ಅದರಲ್ಲಿ ಒಂದರ ಕಾಲಿನಲ್ಲಿ ಬೆಳ್ಳಗೆ ಏನಾದರೂ ಮಿಂಚಿದರೆ, ಯಾವುದೋ ದೂರದ ಊರಿನಲ್ಲಿ ಒಬ್ಬರು ಅದರ ಅಂಕೆಯನ್ನು ಪುಸ್ತಕದಲ್ಲಿ ಬರೆದಿಟ್ಟು ಸುದ್ದಿಗಾಗಿ ಕಾದಿದ್ದಾರೆಂದು ತಿಳಿಯಿರಿ. ಆ ಸುದ್ದಿ ಗಬ್ಬೂರಿನಿಂದ ಹೋಗಲಿ.